ಬೀಳಲು ಬಲ್ಲ ಹೆಲಿಕಾಪ್ಟರು

ಹುಬ್ಬಳ್ಳಿಯಿಂದ ಧಾರವಾಡದ ದಿಕ್ಕಿಗೆ ಹೊರಟು, ಉಣಕಲ್ ಕೆರೆಯನ್ನು ಹಿಂದಕ್ಕೆ ಹಾಕಿ, ಚಿಗರಿ ಬಸ್ಸುಗಳಿಗೆಂದೇ ಮೀಸಲಾದ ಪಥದ ಗುಂಟ ಕೊಂಚ ದೂರ ಸಾಗಿದರೆ ಎದುರಾಗುವ ಬೈರಿದೇವರಕೊಪ್ಪವು, ಹಳ್ಳಿಯೆಂದು ಕರೆಯಹೋದರೆ ಅಪಾರ್ಟ್‌ಮೆಂಟುಗಳೂ ನಗರವೆಂದು ಕರೆಯಹೋದರೆ ಎಮ್ಮೆಗಳೂ ಅಡ್ಡಬರುವಂತಹ ಊರು. ಇಲ್ಲಿಯ ಮನೆಯೊಂದರ ಮಾಳಿಗೆಯ ಮೇಲೆ, ಬೇಸಿಗೆಯ ಒಂದು ಸಾಯಂಕಾಲ, ಎಂಟನೆಯ ಇಯತ್ತೆಯಲ್ಲಿ ಓದುವ ನನ್ನ ತಂಗಿಯ ಮಗನು, ಗೋಕುಲ ರಸ್ತೆಯ ನಿಲ್ದಾಣಕ್ಕೆ ಇಳಿಯುತ್ತಿದ್ದ ವಿಮಾನವನ್ನು ಕಣ್ಣು ಕಿರಿದುಮಾಡಿ ನೋಡುತ್ತ, "ಮಾಮಾ, ಪಟಾ ಸಾಕಾಗೇತಿ. ನನಗ ಒಂದು ಹೆಲಿಕಾಪ್ಟರ್ ಕೊಡಸು, ರಿಮೋಟಿಂದು" ಎಂದು ಕೇಳಿದಾಗ, ಅದು ಪೇಟೆಯಲ್ಲಿ ಅರ್ಧ ತಾಸಿನ ಕೆಲಸವೆಂದು ಭಾವಿಸಿ ನಾನು ಒಪ್ಪಿಕೊಂಡೆನು.

ಮರುದಿನವೇ ದುರ್ಗದಬೈಲಿನ ಸಂದಣಿಯಲ್ಲಿ ನುಗ್ಗಿ, ಆಟಿಕೆ ಸಾಮಾನಿನ ಅಂಗಡಿಯೊಂದರಲ್ಲಿ, ಪೆಟ್ಟಿಗೆಯ ಮೇಲೆ ಹಿಮಪರ್ವತವನ್ನು ದಾಟುತ್ತಿರುವ ಸೈನ್ಯದ ಹೆಲಿಕಾಪ್ಟರಿನ ಚಿತ್ರವಿದ್ದ ಒಂದನ್ನು ಕೊಂಡುತಂದೆವು. "ಸಣ್ಣ ಹುಡುಗ್ರು ಕಣ್ಣ ಮುಚ್ಚಿ ಹಾರಸ್ತಾರ್ರೀ" ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದರು. ಸಂಜೆ ನಾಲ್ಕೂವರೆಯ ಬಿಸಿಲಿನಲ್ಲಿ ಮಾಳಿಗೆಯಿಂದ ಮೇಲಕ್ಕೆದ್ದ ಅದು, ಆಳೆತ್ತರಕ್ಕೆ ಏರಿದೊಡನೆಯೇ ಹುಡುಗನ ಬೆರಳುಗಳಿಗೂ ತನಗೂ ಯಾವ ಸಂಬಂಧವೂ ಇಲ್ಲವೆಂಬಂತೆ ವರ್ತಿಸತೊಡಗಿ, "ಮಾಮಾ, ಇದು ನಾ ಹೇಳಿದ್ದು ಕೇಳವಲ್ದು" ಎಂಬ ಕೂಗು ಮುಗಿಯುವಷ್ಟರಲ್ಲಿ ಗೋಡೆಯನ್ನು ದಾಟಿ ಪಕ್ಕದ ಮನೆಯ ತೆಂಗಿನಮರದ ಸುಳಿಯಲ್ಲಿ ಹೋಗಿ ಕುಳಿತಿತು. ಅದರ ಆಯುಷ್ಯವು ಒಟ್ಟು ಹನ್ನೊಂದು ಸೆಕೆಂಡು. ಈ ಹನ್ನೊಂದು ಸೆಕೆಂಡುಗಳ ಅವಮಾನವು ನನ್ನನ್ನು ಹಲವು ತಿಂಗಳುಗಳ ವ್ಯಾಸಂಗಕ್ಕೆ ಹಚ್ಚಿತು. ಮೊದಲ ಹೆಲಿಕಾಪ್ಟರನ್ನು ಆರಿಸತಕ್ಕವನು ತಿಳಿದಿರಬೇಕಾದುದನ್ನು ನಾನು ತಿಳಿದದ್ದು ಹೀಗೆ, ಕಳೆದುಕೊಂಡ ಮೇಲೆ.

ಮೊದಲನೆಯ ತಪ್ಪು ಅತ್ಯಂತ ಸರಳವಾದುದು. ಅಗ್ಗದ ಆಟಿಕೆಗಳಲ್ಲಿ ಬಹಳಷ್ಟು, ನಮ್ಮ ಮನೆಯ ಟಿ.ವಿ. ರಿಮೋಟಿನಂತೆಯೇ, ಅವಕೆಂಪು ಕಿರಣದ ಮೂಲಕ ಆಜ್ಞೆಯನ್ನು ಸ್ವೀಕರಿಸುತ್ತವೆ. ಸೂರ್ಯನ ಬೆಳಕಿನಲ್ಲಿ ಇದೇ ಕಿರಣವು ಧಾರಾಳವಾಗಿ ತುಂಬಿರುವುದರಿಂದ, ಜಾತ್ರೆಯ ಗದ್ದಲದಲ್ಲಿ ಕೂಸಿನ ಪಿಸುಮಾತು ಅಡಗಿಹೋಗುವಂತೆ, ರಿಮೋಟಿನ ಮಾತು ಬಿಸಿಲಿನಲ್ಲಿ ಅಡಗಿಹೋಗುತ್ತದೆ. ಇಂತಹ ಯಂತ್ರವು ಮನೆಯೊಳಗೆ ವಿಧೇಯ, ಹೊರಗೆ ಕಿವುಡ. ರೇಡಿಯೋ ತರಂಗದಿಂದ ನಡೆಯುವಂಥವಾದರೆ ಈ ಕಾಟವಿಲ್ಲ, 2.4 ಗಿಗಾಹರ್ಟ್ಸಿನ ಪಟ್ಟಿಯನ್ನು ಅಲ್ಪಶಕ್ತಿಯ ಸಾಧನಗಳಿಗೆ ಲೈಸೆನ್ಸಿಲ್ಲದೆ ಬಳಸಲು 2005ರಲ್ಲಿಯೇ ಭಾರತ ಸರಕಾರವು ಅನುವು ಮಾಡಿಕೊಟ್ಟಿದ್ದು, ಈಗಿನ ಒಳ್ಳೆಯ ಮಾದರಿಗಳು ಬಹುಮಟ್ಟಿಗೆ ಅದನ್ನೇ ಅವಲಂಬಿಸಿವೆ. ಪೆಟ್ಟಿಗೆಯ ಮೇಲಿನ ಹಿಮಪರ್ವತವನ್ನು ಬಿಟ್ಟು, ಅದರ ಮಗ್ಗುಲಲ್ಲಿ ಸಣ್ಣಕ್ಷರದಲ್ಲಿ ಮುದ್ರಿತವಾದ ಈ ಒಂದು ಸಂಖ್ಯೆಯನ್ನು ಹುಡುಕಿದ್ದರೆ ತೆಂಗಿನಮರವು ತನ್ನ ಪಾಡಿಗೆ ಕಾಯಿ ಬಿಡುತ್ತಿತ್ತು.

ಆದರೆ ರೇಡಿಯೋ ಇದ್ದಮಾತ್ರಕ್ಕೆ ಹುಡುಗನು ಹಾರಿಸುತ್ತಿದ್ದನೆಂದು ನಾನು ಹೇಳಲಾರೆ. ಕಾರಣವು ಹೆಲಿಕಾಪ್ಟರಿನ ಸ್ವಭಾವದಲ್ಲಿಯೇ ಅಡಗಿದೆ. ಉಣಕಲ್ ಕೆರೆಯಲ್ಲಿ ತೇಲುತ್ತಿರುವ ಒಂದು ತೆಪ್ಪದ ನಡುಮಧ್ಯದಲ್ಲಿ ಬೀಸುಕಲ್ಲನ್ನಿಟ್ಟು, ಒಬ್ಬಾಕೆ ಅದನ್ನು ಬಲಕ್ಕೆ ತಿರುವಲಾರಂಭಿಸಿದಳೆಂದು ಊಹಿಸಿಕೊಳ್ಳಿ. ಕಲ್ಲು ಬಲಕ್ಕೆ ತಿರುಗಲು ತೊಡಗಿದೊಡನೆ ತೆಪ್ಪವು ಆಕೆಯ ಸಮೇತ ಎಡಕ್ಕೆ ತಿರುಗತೊಡಗುತ್ತದೆ. ಮೇಲಿನ ದೊಡ್ಡ ರೆಕ್ಕೆಗಳನ್ನು ಒಂದು ದಿಕ್ಕಿಗೆ ತಿರುಗಿಸುವ ಹೆಲಿಕಾಪ್ಟರಿನ ಒಡಲು ಈ ತೆಪ್ಪದಂತೆಯೇ ಎದುರು ದಿಕ್ಕಿಗೆ ತಿರುಗಲು ಹವಣಿಸುತ್ತಿರುತ್ತದೆ. ಅದನ್ನು ತಡೆಯಲೆಂದೇ ಬಾಲದ ತುದಿಯಲ್ಲಿ ಆ ಚಿಕ್ಕ ರೆಕ್ಕೆ. ಬಾಲದ ರೆಕ್ಕೆಯು ಪಕ್ಕಕ್ಕೆ ಗಾಳಿಯನ್ನು ತಳ್ಳುವುದರಿಂದ ಒಡಲು ತಿರುಗುವುದು ನಿಲ್ಲುತ್ತದೆ, ಆದರೆ ಇಡೀ ಯಂತ್ರವು ಒಂದು ಮಗ್ಗುಲಿಗೆ ಸರಿಯತೊಡಗುತ್ತದೆ. ಅದನ್ನು ಸರಿಪಡಿಸಲು ಮೇಲಿನ ರೆಕ್ಕೆಯ ಚಕ್ರವನ್ನು ಸ್ವಲ್ಪ ವಾಲಿಸಬೇಕು. ವಾಲಿಸಿದರೆ ಎತ್ತುವ ಬಲವು ಕಡಿಮೆಯಾಗಿ ಯಂತ್ರವು ಕೆಳಗಿಳಿಯುತ್ತದೆ. ಏರಿಸಲು ವೇಗವನ್ನು ಹೆಚ್ಚಿಸಿದರೆ ಒಡಲಿನ ತಿರುಗುವ ಹವಣಿಕೆ ಮತ್ತೆ ಹೆಚ್ಚುತ್ತದೆ. ಒಂದು ಎಳೆಯನ್ನು ಮುಟ್ಟಿದರೆ ಉಳಿದ ಮೂರೂ ಎಳೆಗಳು ಅಲುಗುವ ಜೇಡನ ಬಲೆಯಂತಹ ಈ ವ್ಯವಸ್ಥೆಯನ್ನು, ಏರಿಳಿತ, ಬಾಲ ತಿರುಗಿಸುವುದು, ಮುಂದೆ ಹಿಂದೆ, ಎಡ ಬಲ ಎಂಬ ನಾಲ್ಕು ಆಜ್ಞೆಗಳ ಮೂಲಕ ಎರಡು ಹೆಬ್ಬೆರಳುಗಳಲ್ಲಿ ಹಿಡಿದಿಡಬೇಕು.

ವಿಮಾನವು ಹೀಗಲ್ಲ. ಚೆನ್ನಾಗಿ ರಚಿಸಿದ ವಿಮಾನದ ಮಾದರಿಯೊಂದರ ರಿಮೋಟಿನ ಕಡ್ಡಿಗಳಿಂದ ಬೆರಳು ತೆಗೆದರೂ ಅದು ಕೆಲಹೊತ್ತು ತಾನೇ ನೆಟ್ಟಗೆ ಸಾಗುತ್ತದೆ. ಹೆಲಿಕಾಪ್ಟರಿಗೆ ಅಂತಹ ಸದ್ಗುಣವು ಹುಟ್ಟಿನಿಂದ ಬಂದದ್ದಲ್ಲ. ಅಂಗೈಯ ಮೇಲೆ ನೆಟ್ಟಗೆ ನಿಲ್ಲಿಸಿದ ಕೋಲಿನಂತೆ, ಕೈ ಸದಾ ಚಲಿಸುತ್ತಿದ್ದರೆ ಮಾತ್ರ ಅದು ನಿಂತೀತು. ನೋಡುವವರಿಗೆ ಅದು ಗಾಳಿಯಲ್ಲಿ ಸುಮ್ಮನೆ ನಿಂತಿರುವಂತೆ ತೋರುವಾಗಲೇ ಹಾರಿಸುವವನ ಬೆರಳುಗಳು ಅತ್ಯಂತ ಹೆಚ್ಚು ದುಡಿಯುತ್ತಿರುತ್ತವೆ. ಅಂದಮೇಲೆ ಕಲಿಯುವವನ ಯಂತ್ರವು ಬೀಳುವುದು ಆಕಸ್ಮಿಕವಲ್ಲ, ಪಠ್ಯಕ್ರಮದ ಭಾಗ. ಮತ್ತು ಮೊದಲ ಹೆಲಿಕಾಪ್ಟರನ್ನು ಅದು ಹೇಗೆ ಹಾರುತ್ತದೆಂಬುದನ್ನು ನೋಡಿ ಆರಿಸುವುದಕ್ಕಿಂತ ಹೇಗೆ ಬೀಳುತ್ತದೆಂಬುದನ್ನು ನೋಡಿ ಆರಿಸುವುದೇ ಜಾಣತನ.

ಈ ಮಾತಿಗೆ ಹೆಲಿಕಾಪ್ಟರಿನ ಇತಿಹಾಸದಲ್ಲಿಯೇ ಒಂದು ಸುಂದರವಾದ ನಿದರ್ಶನವುಂಟು. ಅಮೇರಿಕದ ಆರ್ಥರ್ ಯಂಗ್ ಎಂಬಾತನು 1905ರಲ್ಲಿ ಹುಟ್ಟಿ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಗಣಿತವನ್ನು ಓದಿ, ವಿಶ್ವದ ಸ್ವರೂಪವನ್ನು ಕುರಿತು ಒಂದು ತತ್ತ್ವಸಿದ್ಧಾಂತವನ್ನು ಕಟ್ಟಬೇಕೆಂಬ ಹಂಬಲವನ್ನು ಹೊತ್ತಿದ್ದ ಯುವಕ. ಆದರೆ ಕೈಗೆ ಸಿಕ್ಕುವ ಒಂದು ಕಠಿಣ ಸಮಸ್ಯೆಯೊಡನೆ ಗುದ್ದಾಡದ ತತ್ತ್ವಜ್ಞಾನವು ಬರಿಯ ಗಾಳಿಯ ಗೋಪುರವಾದೀತೆಂದು ಬಗೆದು, ಆ ಕಾಲಕ್ಕೆ ಯಾರಿಗೂ ಸರಿಯಾಗಿ ಒಲಿಯದಿದ್ದ ಹೆಲಿಕಾಪ್ಟರನ್ನೇ ಆತನು 1928ರ ಸುಮಾರಿಗೆ ಆರಿಸಿಕೊಂಡನು. ಮುಂದಿನ ಹನ್ನೆರಡು ವರ್ಷಗಳನ್ನು ಆತನು ಕಳೆದದ್ದು ಮನುಷ್ಯನು ಕುಳಿತುಕೊಳ್ಳುವ ಯಂತ್ರದೊಡನೆ ಅಲ್ಲ. ಪೆನ್ಸಿಲ್ವೇನಿಯದ ಹಳೆಯ ಕೊಟ್ಟಿಗೆಗಳಲ್ಲಿ, ವಿದ್ಯುತ್ ಮೋಟರಿನಿಂದ ತಿರುಗುವ, ತಂತಿಯ ಮೂಲಕ ದೂರದಿಂದ ನಡೆಸುವ ಪುಟ್ಟ ಮಾದರಿಗಳೊಡನೆ. ಪೂರ್ಣಪ್ರಮಾಣದ ಯಂತ್ರವನ್ನೇ ಕಟ್ಟಿದ್ದರೆ ಒಂದೊಂದು ಪತನವೂ ಒಂದೊಂದು ವರ್ಷದ ದುಡಿಮೆಯನ್ನೂ ಬಹುಶಃ ಒಂದು ಜೀವವನ್ನೂ ನುಂಗುತ್ತಿತ್ತು. ಮಾದರಿಯಾದುದರಿಂದ ಬಿದ್ದದ್ದನ್ನು ಎತ್ತಿ, ಮುರಿದದ್ದನ್ನು ಬದಲಿಸಿ, ಮತ್ತೆ ಹಾರಿಸಲು ಸಾಧ್ಯವಾಯಿತು.

ಹೀಗೆ ಬಿದ್ದು ಬಿದ್ದು ಆತನು ಕಂಡುಕೊಂಡ ಸತ್ಯವೇನೆಂದರೆ, ಒಡಲು ವಾಲಿದೊಡನೆ ರೆಕ್ಕೆಯ ಚಕ್ರವೂ ಅದರೊಡನೆ ವಾಲಿದರೆ ಯಂತ್ರವು ಉರುಳುವುದು ನಿಶ್ಚಿತ. ರೆಕ್ಕೆಯ ಚಕ್ರವು ಒಡಲಿನ ಹಂಗಿಲ್ಲದೆ ತನ್ನ ಸಮತಲವನ್ನು ತಾನೇ ಕಾಯ್ದುಕೊಂಡರೆ ಯಂತ್ರವು ನಿಲ್ಲುತ್ತದೆ. ಅದಕ್ಕಾಗಿ ಆತನು ರೆಕ್ಕೆಗೆ ಲಂಬಕೋನದಲ್ಲಿ, ಎರಡೂ ತುದಿಗಳಲ್ಲಿ ಭಾರವುಳ್ಳ ಒಂದು ಸರಳನ್ನು ಜೋಡಿಸಿದನು. ತಿರುಗುವ ಬುಗುರಿಯು ಬೀಳದಿರುವ ಕಾರಣದಿಂದಲೇ ಈ ಸರಳೂ ತನ್ನ ಸಮತಲವನ್ನು ಬಿಡಲೊಲ್ಲದು. ರೆಕ್ಕೆಗೂ ಅದೇ ಶಿಸ್ತನ್ನು ಕಲಿಸುತ್ತದೆ. 1941ರಲ್ಲಿ ಬಫಲೋ ನಗರದ ಬೆಲ್ ಕಂಪನಿಯವರ ಮುಂದೆ ಆತನು ತನ್ನ ಆಟಿಕೆಯನ್ನು ಹಾರಿಸಿ ತೋರಿಸಿದನು. ಅದರಿಂದ ಹುಟ್ಟಿದ ಬೆಲ್ 47 ಎಂಬ ಹೆಲಿಕಾಪ್ಟರು 1946ರ ಮಾರ್ಚ್ 8ರಂದು, ನಾಗರಿಕ ಬಳಕೆಗೆ ಅರ್ಹವೆಂಬ ಪ್ರಮಾಣಪತ್ರವನ್ನು ಪಡೆದ ಜಗತ್ತಿನ ಮೊತ್ತಮೊದಲ ಹೆಲಿಕಾಪ್ಟರಾಯಿತು. ನಾಲ್ಕಾರು ದಶಕಗಳ ತರುವಾಯ ದುರ್ಗದಬೈಲಿನ ಅಂಗಡಿಗಳಿಗೆ ಬಂದ ಅಂಗೈಯಗಲದ ಹೆಲಿಕಾಪ್ಟರುಗಳ ನೆತ್ತಿಯ ಮೇಲೆ, ತುದಿಗಳಲ್ಲಿ ಗುಂಡುಗಳುಳ್ಳ ಒಂದು ಸಣ್ಣ ಅಡ್ಡಸರಳು ತಿರುಗುತ್ತಿರುವುದನ್ನು ಕಂಡವರಿಗೆ, ಅದು ಅಲಂಕಾರವೆಂದು ತೋರಬಹುದು. ಅದು ಯಂಗನ ಸರಳು. ಕೆಲಸ ಮುಗಿದ ಮೇಲೆ ಆತನು ತನ್ನ ತತ್ತ್ವಜ್ಞಾನಕ್ಕೆ ಹಿಂದಿರುಗಿದನೆಂಬುದನ್ನೂ ಇಲ್ಲಿ ಹೇಳಿಬಿಡುವೆನು. ಹೆಲಿಕಾಪ್ಟರು ಮನುಷ್ಯನಿಗೆ ಕಲಿಸುವ ತಾಳ್ಮೆಯು ಅಲ್ಲಿಯೂ ಉಪಯೋಗಕ್ಕೆ ಬಂದಿರಬೇಕು.

ರೇಡಿಯೋದಿಂದ ನಡೆಯುವ ಮಾದರಿ ಹೆಲಿಕಾಪ್ಟರುಗಳು 1970ರ ಸುಮಾರಿನಲ್ಲಿ, ಜರ್ಮನಿಯ ಡೀಟರ್ ಶ್ಲೂಟರ್ ಎಂಬ ಎಂಜಿನಿಯರರ ಕೈಯಲ್ಲಿ ಪಳಗಿದವು. ಆಗ ಅವು ಇಂಧನದಿಂದ ನಡೆಯುವ, ಹೊಗೆಯುಗುಳುವ, ದೊಡ್ಡವರ ದುಬಾರಿ ವ್ಯಸನಗಳಾಗಿದ್ದವು. ಹಗುರವಾದ ಲಿಥಿಯಮ್ ಪಾಲಿಮರ್ ಬ್ಯಾಟರಿಯೂ ಒಡಲಿನ ತಿರುಗುವಿಕೆಯನ್ನು ಅರಿಯುವ, ಕಡ್ಲಿಕಾಳಿನಷ್ಟು ಚಿಕ್ಕದಾದ ಗೈರೊ ಚಿಪ್ಪೂ ಕೈಗೆಟಕುವ ಬೆಲೆಗೆ ಬಂದ ಮೇಲೆಯೇ ಹೆಲಿಕಾಪ್ಟರು ಪಡಸಾಲೆಯನ್ನು ಪ್ರವೇಶಿಸಿದ್ದು.

ಇನ್ನು ಆಯ್ಕೆಯ ವಿಷಯಕ್ಕೆ ಬರುವೆನು. ಪೇಟೆಯಲ್ಲಿ ದೊರೆಯುವ ಮಾದರಿಗಳಲ್ಲಿ ಅತ್ಯಂತ ಸಾಧುವಾದುದು ಒಂದೇ ಕಂಬಕ್ಕೆ ಒಂದರ ಮೇಲೊಂದು ಎರಡು ಜೊತೆ ರೆಕ್ಕೆಗಳಿರುವಂಥದು. ಹವ್ಯಾಸಿಗಳು ಇದನ್ನು 'ಕೊಆಕ್ಸಿಯಲ್' ಎನ್ನುತ್ತಾರೆ. ಮೇಲಿನ ಜೊತೆ ಒಂದು ದಿಕ್ಕಿಗೆ, ಕೆಳಗಿನದು ಎದುರು ದಿಕ್ಕಿಗೆ ತಿರುಗುವುದರಿಂದ ತೆಪ್ಪದ ಮೇಲೆ ಇಬ್ಬರು ಎದುರುಬದುರಾಗಿ ಬೀಸಿದಂತಾಗಿ, ಒಡಲಿನ ತಿರುಗುವ ಹವಣಿಕೆಯು ತನ್ನಷ್ಟಕ್ಕೆ ಅಡಗುತ್ತದೆ. ಕಡ್ಡಿಗಳನ್ನು ಬಿಟ್ಟರೂ ಇದು ಹೆಚ್ಚುಕಡಿಮೆ ಇದ್ದಲ್ಲಿಯೇ ತೂಗಾಡುತ್ತ ನಿಲ್ಲುತ್ತದೆ. ರಿಮೋಟಿನಿಂದ ಕೊಡಬಹುದಾದ ಆಜ್ಞೆಗಳ, ಅಂದರೆ ಚಾನೆಲ್ಲುಗಳ, ಲೆಕ್ಕದಲ್ಲಿ ಇದರಲ್ಲಿಯೂ ಎರಡು ಬಗೆ. ಮೂರು ಚಾನೆಲ್ಲಿನದು ಏರುತ್ತದೆ, ತಿರುಗುತ್ತದೆ, ಬಾಲದ ಮೇಲೆ ಮಲಗಿಸಿದ ಪುಟ್ಟ ರೆಕ್ಕೆಯ ಸಹಾಯದಿಂದ ಮುಂದೆ ಹಿಂದೆ ಹೋಗುತ್ತದೆ. ಆದರೆ ಪಕ್ಕಕ್ಕೆ ಸರಿಯಲಾರದು. ಸೈಮಾ ಎಸ್107 ಎಂಬ ಪ್ರಸಿದ್ಧ ಆಟಿಕೆಯು ಈ ಜಾತಿಯದು. ನಾಲ್ಕು ಚಾನೆಲ್ಲಿನದರಲ್ಲಿ ಕೆಳಗಿನ ರೆಕ್ಕೆಯ ಚಕ್ರವನ್ನು ಎಲ್ಲ ದಿಕ್ಕಿಗೂ ವಾಲಿಸುವ ಸ್ವಾಶ್‌ಪ್ಲೇಟ್ ಎಂಬ ತಟ್ಟೆಯಿರುವುದರಿಂದ, ನಿಜವಾದ ಹೆಲಿಕಾಪ್ಟರಿನ ನಾಲ್ಕೂ ಆಜ್ಞೆಗಳನ್ನು ಇದು ಕಲಿಸುತ್ತದೆ. ಬೆಲೆಯ ವ್ಯತ್ಯಾಸವನ್ನು ನೋಡಿ ಮೂರಕ್ಕೆ ಇಳಿಯುವ ತಂದೆತಾಯಿಗಳನ್ನು ನಾನು ನಿಂದಿಸಲಾರೆನಾದರೂ, ಪಕ್ಕಕ್ಕೆ ಸರಿಯದ ಯಂತ್ರದಲ್ಲಿ ಪಳಗಿದ ಬೆರಳು ಮುಂದೆ ಆ ಒಂದು ಚಲನೆಯನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಎರಡನೆಯ ಮೆಟ್ಟಿಲು, ನಾವು ಚಿತ್ರಗಳಲ್ಲಿ ಕಾಣುವಂತೆ ಮೇಲೊಂದು ಬಾಲದಲ್ಲೊಂದು ರೆಕ್ಕೆಯುಳ್ಳ, ಆದರೆ ರೆಕ್ಕೆಯ ಓರೆಯು ಬದಲಾಗದ 'ಫಿಕ್ಸೆಡ್ ಪಿಚ್' ಮಾದರಿ. ಇಲ್ಲಿ ಏರಬೇಕಾದರೆ ರೆಕ್ಕೆಯನ್ನು ಹೆಚ್ಚು ವೇಗವಾಗಿ ತಿರುಗಿಸುವುದೊಂದೇ ಮಾರ್ಗ. ಕೈಗಾತ್ರದ ಹಗುರ ಯಂತ್ರಗಳಲ್ಲಿ ಇದು ಬಹು ಸೊಗಸಾದ ಶಿಕ್ಷಕ. ಸ್ವಲ್ಪ ಗಾಳಿಯನ್ನೂ ತಡೆಯುತ್ತದೆ, ಗೋಡೆಗೆ ಬಡಿದು ಬಿದ್ದರೂ ತನ್ನ ಹಗುರತನದಿಂದಲೇ ಹಲವು ಸಲ ಬದುಕಿಕೊಳ್ಳುತ್ತದೆ. ಎತ್ತರದಿಂದ ಬಿದ್ದ ಇರುವೆಗೆ ನೋವಿಲ್ಲವಲ್ಲ, ಅದೇ ನ್ಯಾಯ.

ಮೂರನೆಯದು 'ಕಲೆಕ್ಟಿವ್ ಪಿಚ್'. ಇದರಲ್ಲಿ ರೆಕ್ಕೆಯ ವೇಗವು ಸ್ಥಿರ, ಓರೆಯು ಚಂಚಲ. ಓರೆಯನ್ನು ತಲೆಕೆಳಗು ಮಾಡಿದರೆ ಹೆಲಿಕಾಪ್ಟರೇ ತಲೆಕೆಳಗಾಗಿ ನಿಲ್ಲುತ್ತದೆ. ಬಾನಿನಲ್ಲಿ ಲಾಗ ಹಾಕುವ ಹೆಲಿಕಾಪ್ಟರುಗಳ ಚಲನಚಿತ್ರಗಳನ್ನು ಮೊಬೈಲಿನಲ್ಲಿ ನೋಡಿದ ಹುಡುಗನು ಕೇಳುವುದು ಇದನ್ನೇ, ಮತ್ತು ಕೊಡಿಸಬಾರದಾದುದೂ ಇದನ್ನೇ. 450 ಎಂದು ಕರೆಯಲ್ಪಡುವ ಮಧ್ಯಮ ಗಾತ್ರದ ಮಾದರಿಯ ರೆಕ್ಕೆಯ ಚಕ್ರವು ಸುಮಾರು 70 ಸೆಂಟಿಮೀಟರ್ ಅಗಲ. ಅದು ನಿಮಿಷಕ್ಕೆ 2800 ಸುತ್ತು ತಿರುಗಿದರೆ ರೆಕ್ಕೆಯ ತುದಿಯು ಗಂಟೆಗೆ 350 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಗಾಳಿಯನ್ನು ಕೊಯ್ಯುತ್ತಿರುತ್ತದೆಂದು ಶಾಲೆಯ ಗಣಿತದಿಂದಲೇ ತಿಳಿಯಬಹುದು. 2013ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಉದ್ಯಾನವೊಂದರಲ್ಲಿ, ಪಳಗಿದ ಹವ್ಯಾಸಿಯೇ ಆಗಿದ್ದ 19 ವರ್ಷದ ಯುವಕನೊಬ್ಬನು ತನ್ನ ದೊಡ್ಡ ಮಾದರಿಯ ರೆಕ್ಕೆ ತಗುಲಿ ಅಲ್ಲಿಯೇ ಪ್ರಾಣಬಿಟ್ಟನು. ಇಂತಹ ಯಂತ್ರವನ್ನು ಆಟಿಕೆಯೆಂದು ಕರೆಯುವುದು, ಕುಡಗೋಲನ್ನು ಆಟಿಕೆಯೆಂದು ಕರೆದಂತೆ.

ಈ ಮೂರರ ನಡುವೆ ಇತ್ತೀಚೆಗೆ ನುಸುಳಿರುವ ಇನ್ನೊಂದು ವರ್ಗದ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಹೊಯ್ದಾಡುತ್ತಿದೆ. ಆರು ಅಕ್ಷಗಳ ಗೈರೊ, ಗಾಳಿಯ ಒತ್ತಡವನ್ನು ಅಳೆದು ತಾನಾಗಿಯೇ ಎತ್ತರವನ್ನು ಕಾಯ್ದುಕೊಳ್ಳುವ ಸೂಕ್ಷ್ಮ ಸಾಧನ, ಒಂದು ಗುಂಡಿಯನ್ನೊತ್ತಿದರೆ ಏರುವ, ಇನ್ನೊಂದನ್ನೊತ್ತಿದರೆ ಇಳಿಯುವ ಸೌಕರ್ಯ ಇವೆಲ್ಲವುಗಳಿಂದ ಕೂಡಿದ, ಯಂಗನ ಸರಳಿನ ಕೆಲಸವನ್ನು ಚಿಪ್ಪಿಗೆ ವಹಿಸಿಕೊಟ್ಟ ಈ ಮಾದರಿಗಳು, ಮೊದಲ ದಿನವೇ ಹಾರುತ್ತವೆಂಬುದು ನಿರ್ವಿವಾದ. ಹತ್ತು ವರ್ಷದ ಕೂಸಿಗೆ, ಅಥವಾ ವಾರಕ್ಕೊಮ್ಮೆ ಹಾರಿಸಿ ಮನಸ್ಸನ್ನು ಹಗುರ ಮಾಡಿಕೊಳ್ಳಬೇಕೆನ್ನುವ ಗೃಹಸ್ಥನಿಗೆ ಅವು ಉತ್ತಮವೇ ಸರಿ. ಆದರೆ ಎಡಗೈಯ ಹೆಬ್ಬೆರಳು ಎತ್ತರವನ್ನು ಹಿಡಿದಿಡುವ ಆ ಮೊದಲ ಕೂದಲೆಳೆಯ ವಿದ್ಯೆಯನ್ನೇ ಯಂತ್ರವು ತಾನು ಮಾಡಿಬಿಟ್ಟರೆ, ಹುಡುಗನು ಹಾರಿಸಿದನೋ ಹಾರುವುದನ್ನು ನೋಡಿದನೋ ಎಂದು ಹೇಳುವುದು ಕಷ್ಟ. ಈ ಸಹಾಯವನ್ನು ಬೇಕಾದಾಗ ನಿಲ್ಲಿಸಬಹುದಾದ ಮಾದರಿ ಸಿಕ್ಕಿದರೆ ಅದನ್ನೇ ಕೊಳ್ಳಿರಿ.

ಬೈರಿದೇವರಕೊಪ್ಪದಲ್ಲಿ ವಾಸಿಸುವವನು ಯೋಚಿಸಬೇಕಾದ ಮತ್ತೊಂದು ಸಂಗತಿಯಿದೆ. ಅದು ಮಾದರಿಯದಲ್ಲ, ಬಾನಿನದು. ರಿಮೋಟಿನ ಹೆಲಿಕಾಪ್ಟರಿಗೂ ಅನ್ವಯಿಸುವ 2021ರ ಡ್ರೋನ್ ನಿಯಮಗಳ ಪ್ರಕಾರ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂಬ ವಲಯಗಳಾಗಿ ವಿಂಗಡಿಸಿ, ಆ ವರ್ಷದ ಸೆಪ್ಟೆಂಬರಿನಲ್ಲಿ ಡಿಜಿಟಲ್ ಸ್ಕೈ ವೇದಿಕೆಯಲ್ಲಿ ಅದರ ನಕ್ಷೆಯನ್ನು ಪ್ರಕಟಿಸಲಾಯಿತು. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ದೂರದ ವಲಯದಲ್ಲಿ 200 ಅಡಿಯವರೆಗೆ, ಅದರಾಚೆಯ ಹಸಿರು ಪ್ರದೇಶದಲ್ಲಿ 400 ಅಡಿಯವರೆಗೆ ಮುಂಚಿತ ಅನುಮತಿಯಿಲ್ಲದೆ ಹಾರಿಸಬಹುದು. ಆದರೆ ನಿಲ್ದಾಣದಿಂದ 8 ಕಿಲೋಮೀಟರಿನ ಒಳಗೆ ಈ ರಿಯಾಯಿತಿಯಿಲ್ಲ. ನಮ್ಮ ಮಾಳಿಗೆಯಿಂದ ವಿಮಾನ ಇಳಿಯುವುದು ಕಾಣುತ್ತದೆಂದು ಮೊದಲೇ ಹೇಳಿದೆನಲ್ಲ. ಬೈರಿದೇವರಕೊಪ್ಪ, ನವನಗರ, ಉಣಕಲ್ ಇವೆಲ್ಲವೂ ಈ ಎಂಟು ಕಿಲೋಮೀಟರಿನ ಬಳಸಿನೊಳಗೇ ಇವೆ. 250 ಗ್ರಾಮಿನವರೆಗಿನ 'ನ್ಯಾನೊ' ಯಂತ್ರವನ್ನು ನಡೆಸಲು ಪೈಲಟ್ ಲೈಸೆನ್ಸ್ ಬೇಕಿಲ್ಲ, ನಿಜ. ಆದರೆ ಲೈಸೆನ್ಸಿನ ವಿನಾಯಿತಿಯು ವಲಯದ ವಿನಾಯಿತಿಯಲ್ಲ. ನನ್ನ ಸೋದರಳಿಯನಿಗೆ ಇದನ್ನು ವಿವರಿಸಿದಾಗ ಅವನು ಗಂಭೀರವಾಗಿ, "ಹಂಗಾರ ವಿಮಾನದವ್ರಿಗೆ ನಮ್ಮ ಹೆಲಿಕಾಪ್ಟರ್ ಅಂದ್ರ ಅಂಜಿಕಿ" ಎಂದು ತೀರ್ಮಾನಿಸಿದನು. ಒಂದರ್ಥದಲ್ಲಿ ಅದು ಸರಿಯೇ.

ಹೀಗೆ ಕಾನೂನು ನಮ್ಮನ್ನು ಮನೆಯೊಳಕ್ಕೆ ಅಟ್ಟಿತು. ಪ್ರಕೃತಿಯೂ ಅದನ್ನೇ ಬಯಸಿದ್ದಿತು. ಆಷಾಢದಲ್ಲಿ ಈ ಸೀಮೆಯ ಮೇಲೆ ಪಡುವಣದಿಂದ ಬೀಸುವ ಗಾಳಿಯನ್ನು ಬಲ್ಲವರಿಗೆ, ನಲವತ್ತು ಗ್ರಾಮಿನ ಯಂತ್ರವೊಂದನ್ನು ಹೊರಗೆ ಬಿಡುವುದು ಎಂತಹ ಸಾಹಸವೆಂದು ಹೇಳಬೇಕಾಗಿಲ್ಲ. ಒಳಾಂಗಣದ ಹಾರಾಟವೇನೂ ಅಗೌರವದ್ದಲ್ಲ; 1938ರ ಫೆಬ್ರವರಿಯಲ್ಲಿ ಬರ್ಲಿನ್ನಿನ ಡಾಯ್ಚ್‌ಲಾಂಡ್‌ಹಾಲೆ ಎಂಬ ವಿಶಾಲ ಸಭಾಂಗಣದೊಳಗೆ ಹಾನ್ನಾ ರೈಟ್ಷ್ ಎಂಬಾಕೆಯು ನಿಜವಾದ ಹೆಲಿಕಾಪ್ಟರೊಂದನ್ನೇ ಪ್ರೇಕ್ಷಕರ ಕಣ್ಣೆದುರಿಗೆ ಹಾರಿಸಿ ತೋರಿಸಿದ್ದಳು. ನಮಗೆ ಅಷ್ಟು ದೊಡ್ಡ ಸಭಾಂಗಣವು ಬೇಕಿಲ್ಲ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಪಡಸಾಲೆ ಸಾಕು. ಫ್ಯಾನನ್ನು ಆರಿಸಿ, ಕಿಟಕಿಗಳನ್ನು ಮುಚ್ಚಿ, ದೇವರ ದೀಪವನ್ನು ಒಳಕೋಣೆಗೆ ಸಾಗಿಸಿ, ಟಿ.ವಿ.ಯ ಮುಂದೆ ಒಂದು ಚಾದರವನ್ನು ಇಳಿಬಿಟ್ಟರೆ ಅದೇ ನಿಲ್ದಾಣ.

ಕೊಳ್ಳುವಾಗ ಯಂತ್ರಕ್ಕಿಂತ ಮೊದಲು ಅದರ ಬಿಡಿಭಾಗಗಳನ್ನು ಕೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬ್ಲೇಡುಗಳು, ನಡುಗಂಬ, ಹಲ್ಲುಗಾಲಿ, ಬಾಲದ ಪುಟ್ಟ ಮೋಟರು ಇವು ಸವೆಯುವ ಮುರಿಯುವ ವಸ್ತುಗಳು; ಒಂದು ಜೊತೆ ಬ್ಲೇಡು ಸಿಕ್ಕದ ಕಾರಣಕ್ಕೆ ಮೂಲೆಗೆ ಬಿದ್ದ ಹೆಲಿಕಾಪ್ಟರುಗಳ ಸಂಖ್ಯೆಯು ಈ ನಗರದ ಅಟ್ಟಗಳ ಮೇಲೆ ಸಣ್ಣದಾಗಿರಲಾರದು. ಈ ಯಂತ್ರಗಳೂ ಬಿಡಿಭಾಗಗಳೂ ಬಹುತೇಕ ಚೀನದಿಂದ ಬರುವಂಥವು. ಆಟಿಕೆಗಳ ಆಮದು ಸುಂಕವು 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಹದಿನಾಲ್ಕರೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಯಿತು. 2022ರ ಫೆಬ್ರವರಿಯಲ್ಲಿ ಸಿದ್ಧ ಡ್ರೋನುಗಳ ಆಮದೇ ನಿಷೇಧಗೊಂಡು ಬಿಡಿಭಾಗಗಳಿಗೆ ಮಾತ್ರ ದಾರಿ ತೆರೆದಿತ್ತು. ಕಲಘಟಗಿಯ ತೊಟ್ಟಿಲು, ಕಿನ್ನಾಳದ ಗೊಂಬೆ, ಚನ್ನಪಟ್ಟಣದ ಬುಗುರಿಗಳ ನಾಡಿನವನಾಗಿ ಸ್ವದೇಶಿ ಆಟಿಕೆಗೆ ಸಿಗುವ ರಕ್ಷಣೆಯನ್ನು ನಾನು ಸ್ವಾಗತಿಸುವೆನಾದರೂ, ಬೆಂಗಳೂರಿನಲ್ಲಿ 1992ರಲ್ಲಿಯೇ ಧ್ರುವ್ ಹೆಲಿಕಾಪ್ಟರನ್ನು ಹಾರಿಸಿ, 2023ರಲ್ಲಿ ತುಮಕೂರು ಜಿಲ್ಲೆಯಲ್ಲಿ ಹೆಲಿಕಾಪ್ಟರಿನ ದೊಡ್ಡ ಕಾರ್ಖಾನೆಯನ್ನೇ ತೆರೆದ ರಾಜ್ಯದಲ್ಲಿ, ಹುಡುಗನ ಅಂಗೈಗಾತ್ರದ ಹೆಲಿಕಾಪ್ಟರಿಗೆ ಬೇಕಾದ ಪುಟ್ಟ ಬ್ಲೇಡು ಹೊರದೇಶದಿಂದ ಬರಬೇಕಾಗಿರುವುದು ಸ್ವಲ್ಪ ಸಂಕೋಚದ ಸಂಗತಿಯೇ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಕಂಜೂಸುತನವೂ ಅಸಡ್ಡೆಯೂ ಎರಡೂ ಕೂಡದು. ಒಂದೇ ಕೋಶದ ಲಿಥಿಯಮ್ ಪಾಲಿಮರ್ ಬ್ಯಾಟರಿಯು ಪೂರ್ತಿ ತುಂಬಿದಾಗ 4.2 ವೋಲ್ಟು, 3 ವೋಲ್ಟಿಗಿಂತ ಕೆಳಗಿಳಿಸಿದರೆ ಅದರ ಆಯುಷ್ಯವು ಕ್ಷಯಿಸುತ್ತದೆ. ಹಾರಾಟವು ಐದಾರು ನಿಮಿಷ, ಚಾರ್ಜು ಮುಕ್ಕಾಲು ತಾಸು. ಆದುದರಿಂದ ಎರಡು ಮೂರು ಹೆಚ್ಚಿನ ಬ್ಯಾಟರಿಗಳಿಲ್ಲದ ಹವ್ಯಾಸವು ಬರಿಯ ಕಾಯುವಿಕೆ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಕೂಡದು. ಚಾರ್ಜಿಗೆ ಹಚ್ಚಿ ಮಲಗಲೂ ಕೂಡದು, ಹಾಸಿಗೆಯ ಮೇಲಾಗಲಿ ಪರದೆಯ ಹತ್ತಿರವಾಗಲಿ ಇಡಲೂ ಕೂಡದು. ಏಪ್ರಿಲ್ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಇಡುವುದಂತೂ ಅಗ್ನಿಗೆ ಆಮಂತ್ರಣ. ಇನ್ನು ರಿಮೋಟಿನ ಮಾತು: ಅದರಲ್ಲಿ ಏರಿಳಿತದ ಕಡ್ಡಿಯು ಎಡಗೈಗಿರುವುದನ್ನು 'ಮೋಡ್ 2', ಬಲಗೈಗಿರುವುದನ್ನು 'ಮೋಡ್ 1' ಎನ್ನುತ್ತಾರೆ; ಯಾವುದನ್ನು ಮೊದಲು ಕಲಿತೆವೋ ಅದು ಬರವಣಿಗೆಯ ಕೈಯಂತೆ ಜೀವನವಿಡೀ ಅಂಟಿಕೊಳ್ಳುವುದರಿಂದ, ಜೊತೆಯ ಹವ್ಯಾಸಿಗಳು ಯಾವುದನ್ನು ಬಳಸುವರೋ ಅದನ್ನೇ ಹಿಡಿಯುವುದು ಲೇಸು.

ಕೊನೆಗೆ ನಾವು ತಂದದ್ದು ನಾಲ್ಕು ಚಾನೆಲ್ಲಿನ, 2.4 ಗಿಗಾಹರ್ಟ್ಸಿನ, ಎರಡು ಜೊತೆ ರೆಕ್ಕೆಯ ಒಂದು ಸಾಧುಪ್ರಾಣಿ, ನಾಲ್ಕು ಜೊತೆ ಬ್ಲೇಡು ಮತ್ತು ಮೂರು ಬ್ಯಾಟರಿಗಳ ಸಮೇತ. ಅದನ್ನು ಕಂಡು ಹುಡುಗನ ಮುಖ ಬಾಡಿತು. ಪೆಟ್ಟಿಗೆಯ ಮೇಲೆ ಹಿಮಪರ್ವತವಿರಲಿಲ್ಲ.

ಮೊದಲ ವಾರವಿಡೀ ನಾನು ಅವನಿಗೆ ಒಂದೇ ಪಾಠವನ್ನು ವಿಧಿಸಿದೆನು: ಬಾಲವು ನಿನ್ನ ಕಡೆಗಿರಲಿ, ಯಂತ್ರವು ಕಣ್ಣಿನ ಮಟ್ಟದಲ್ಲಿ ಒಂದೇ ಕಡೆ ನಿಲ್ಲಲಿ. ನೆಲದಿಂದ ಗೇಣೆತ್ತರದಲ್ಲಿ ಕಲಿಯುವುದು ಸುರಕ್ಷಿತವೆಂದು ಎಲ್ಲರಿಗೂ ತೋರುತ್ತದೆ. ಆದರೆ ರೆಕ್ಕೆಯು ಕೆಳಕ್ಕೆ ತಳ್ಳಿದ ಗಾಳಿಯು ನೆಲಕ್ಕೆ ಬಡಿದು ಹೊರಳುವ ಆ ಎತ್ತರದಲ್ಲಿಯೇ ಯಂತ್ರವು ಹೆಚ್ಚು ತಡವರಿಸುವುದು. ರೆಕ್ಕೆಯ ಅಗಲಕ್ಕಿಂತ ಮೇಲೇರಿದ ಮೇಲೆ ಅದು ಶಾಂತವಾಗುತ್ತದೆ. ಎರಡನೆಯ ವಾರದಲ್ಲಿ ಮೂತಿಯು ನಮ್ಮ ಕಡೆಗೆ ತಿರುಗಿದಾಗ ಎಡಬಲಗಳು ಅದಲುಬದಲಾಗುವ ಸಂಕಟವು ಬಂದಿತು. ಕನ್ನಡಿಯಲ್ಲಿ ನೋಡಿ ಗಡ್ಡ ಮಾಡಿಕೊಳ್ಳುವ ನನಗೆ ಅದು ಬೇಗ ಬರುತ್ತದೆಂದು ಅಹಂಕಾರಪಟ್ಟಿದ್ದೆನು; ಅವನು ಮೂರು ದಿನದಲ್ಲಿ ಕಲಿತನು, ನನಗೆ ಇಂದಿಗೂ ಬಂದಿಲ್ಲ. ಬೀಳುತ್ತಿದೆಯೆಂದು ತಿಳಿದ ಕ್ಷಣವೇ ಏರಿಳಿತದ ಕಡ್ಡಿಯನ್ನು ಕೆಳಕ್ಕೆಳೆದು ರೆಕ್ಕೆಯನ್ನು ನಿಲ್ಲಿಸುವುದು ಮೂರನೆಯ ಪಾಠ. ಹೆದರಿದ ಬೆರಳು ಸಹಜವಾಗಿ ಮೇಲಕ್ಕೇ ಒತ್ತುತ್ತದೆ. ತಿರುಗುತ್ತಿರುವ ಬ್ಲೇಡು ಗೋಡೆಗೆ ಬಡಿದರೆ ಮುರಿಯುತ್ತದೆ, ನಿಂತ ಬ್ಲೇಡು ಬಾಗಿ ಉಳಿಯುತ್ತದೆ. ಹಾರಿಸುವುದನ್ನು ಕಲಿಯಲು ಅವನಿಗೆ ಹಿಡಿದ ಸಮಯಕ್ಕಿಂತ ಹೀಗೆ ಬೀಳಿಸುವುದನ್ನು ಕಲಿಯಲು ಹೆಚ್ಚು ಸಮಯ ಹಿಡಿಯಿತು.

ಈಗ ಅವನು ಪಡಸಾಲೆಯಿಂದ ಹೊರಟು, ಅಡುಗೆಮನೆಯ ಬಾಗಿಲನ್ನು ಹಾದು, ರೊಟ್ಟಿ ಬಡಿಯುತ್ತಿರುವ ಅಜ್ಜಿಯ ಮುಂದೆ ಎರಡು ಕ್ಷಣ ನಿಲ್ಲಿಸಿ, ಆಕೆ ಲತ್ತುಡಿಯನ್ನು ಎತ್ತುವುದರೊಳಗೆ ಹಿಂದಿರುಗಿ ಬರುತ್ತಾನೆ. ಮುರಿದ ಬ್ಲೇಡುಗಳೆಲ್ಲ ಒಂದು ಹಳೆಯ ಚಹಾದ ಡಬ್ಬಿಯಲ್ಲಿವೆ; ಹದಿಮೂರನ್ನು ಎಣಿಸಿದ್ದೇನೆ. ಕಂಪ್ಯೂಟರಿನ ಮೇಲೆ ಹಾರಾಟವನ್ನು ಅನುಕರಿಸುವ ಸಿಮ್ಯುಲೇಟರಿನಲ್ಲಿ, ರೊಕ್ಕ ಖರ್ಚಾಗದಂತೆ ನೂರಾರು ಸಲ ಬೀಳುವ ಸೌಲಭ್ಯವುಂಟೆಂದು ಅವನೇ ಎಲ್ಲಿಂದಲೋ ತಿಳಿದುಕೊಂಡು, ಮುಂದಿನ ಮೆಟ್ಟಿಲಿನ ಫಿಕ್ಸೆಡ್ ಪಿಚ್ ಯಂತ್ರಕ್ಕೆ ಮೊದಲು ಅದು ಬೇಕೆಂದು ಹಟ ಹಿಡಿದಿದ್ದಾನೆ.

ಮೊನ್ನೆ ಪಕ್ಕದ ಮನೆಯವರು ಗೋಡೆಯಾಚೆಯಿಂದ, "ಮುಂದಿನ ವಾರ ಕಾಯಿ ಇಳಸಾಕ ಮಂದಿ ಬರ್ತಾರ್ರೀ, ನಿಮ್ಮ ಹೆಲಿಕಾಪ್ಟರ್ ಇಳಸಸ್ಲೇನು?" ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಹುಡುಗನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಡದೆ ಕೂಗಿ ಹೇಳಿದನು: "ಇಳಸ್ರಿ ಕಾಕಾ. ಹಾರಸಾಕಲ್ಲ, ನನಗ ಅದರ ಸ್ಕ್ರೂ ಅಷ್ಟ ಬೇಕಾಗ್ಯಾವು."